ಮುಂದಿನ ಸಾಲಿನ ಸಾವ್ಕಾರ್ರು

ಹೋದ ವಾರ ಮಸ್ಕಿಯಿಂದ ಸಿಂಧನೂರಿಗೆ ಮದುವೆಗೆ ಹೋಗುವಾಗ, ಊರು ಸೇರುವ ತಿರುವಿನಲ್ಲಿ ಒಂದು ದೊಡ್ಡ ಫ್ಲೆಕ್ಸ್ ಕಂಡಿರಲ್ಲ ಮಕ್ಕಳೇ, ಅದರಲ್ಲಿದ್ದವರ ಬಗ್ಗೆ ಬರೆಯುತ್ತಿದ್ದೇನೆ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ತೀರಿಕೊಂಡವರ ಫೋಟೊ ಎಂದರೆ ನಮ್ಮ ಕಡೆ ತಲೆಗೆ ರುಮಾಲು, ಹಣೆಗೆ ವಿಭೂತಿ. ಇವರು ಮಾತ್ರ ವಿಮಾನದ ಅಗಲವಾದ ಕುರ್ಚಿಯಲ್ಲಿ ಕಾಲು ಚಾಚಿ ಒರಗಿ, ಕೈಯಲ್ಲಿ ಕಿತ್ತಳೆ ರಸದ ಗ್ಲಾಸು ಹಿಡಿದು ನಗುತ್ತಿದ್ದರು. ಮನೆಯವರಿಗೆ ಬೇರೆ ಫೋಟೊ ಸಿಗಲಿಲ್ಲವೆಂದಲ್ಲ. ಇದನ್ನೇ ಹಾಕಿರೆಂದು ಬದುಕಿದ್ದಾಗ ಅವರೇ ಹೇಳಿಟ್ಟಿದ್ದರಂತೆ.

"ಅಜ್ಜೀ, ಇವ್ರು ಪೈಲಟ್ ಏನು?" ಎಂದು ಸಣ್ಣವಳು ಕೇಳಿದಳು. ನಿಮ್ಮಪ್ಪ ಕಾರು ನಡೆಸುತ್ತಲೇ, "ಅಲ್ಲವ್ವಾ. ಭಾಳ ದೊಡ್ಡ ಮನುಷ್ಯಾರು. ನಿಮ್ಮಜ್ಜಗ ತಮ್ಮ ಇದ್ದಂಗ ಇದ್ರು," ಎಂದ. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಮಾತಾಡಬೇಕಾದ ಕಡೆ ನನ್ನ ಬಾಯಿ ಕಟ್ಟುತ್ತದೆ, ಅದು ನಿಮಗೆ ಗೊತ್ತಿದ್ದದ್ದೇ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲ.

ನಿಮ್ಮಜ್ಜನಿಗೆ ಅವರು ತಮ್ಮನೂ ಅಲ್ಲ, ತಮ್ಮನಂತೆ ಇದ್ದವರೂ ಅಲ್ಲ. ಅಜ್ಜ ಅವರಿಂದ ಬಯಸಿದ್ದು ಒಂದೇ, ಆ ಫ್ಲೆಕ್ಸ್‌ನಲ್ಲಿ ಕಂಡಂಥ ಕುರ್ಚಿಯಲ್ಲಿ ಒಂದು ಸಲ ಕೂರುವುದು. ಅದು ಅವರಿಗೆ ಸಿಗಲಿಲ್ಲ. ಯಾಕೆ ಸಿಗಲಿಲ್ಲವೆಂದು ನಿಮಗಾದರೂ ತಿಳಿದಿರಲಿ. ಹೆಸರು ಬರೆಯುವುದಿಲ್ಲ. ಅವರಿಗೂ ಮೊಮ್ಮಕ್ಕಳಿದ್ದಾರೆ.

ಸಿಂಧನೂರಿನಲ್ಲಿ ಅವರದು ಬೀಜ, ಗೊಬ್ಬರ ಮತ್ತು ಬೆಳೆಗೆ ಹೊಡೆಯುವ ಎಣ್ಣೆಯ ದೊಡ್ಡ ಅಂಗಡಿ. ಮಸ್ಕಿಯಲ್ಲಿ ನಮ್ಮದು, ಲಿಂಗಸುಗೂರಿನಲ್ಲಿ ಅಜ್ಜನ ಗೆಳೆಯ ಸಾಹೇಬರದು, ಹೀಗೆ ಸುತ್ತಲಿನ ಸಣ್ಣ ಅಂಗಡಿಗಳಿಗೆಲ್ಲ ಅವರಿಂದಲೇ ಮಾಲು ಬರುತ್ತಿತ್ತು. ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ: ಅವರು ಒಂದು ದಿನವೂ ಕಳಪೆ ಬೀಜ ಮಾರಲಿಲ್ಲ. ಹೊಗಳಿಕೆ ಅಲ್ಲಿಗೆ ಮುಗಿಯಿತು.

ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಬೀಜದ ಕಂಪನಿಗಳು ವಿಮಾನದಲ್ಲಿ ಹೊರದೇಶ ತೋರಿಸಲು ಕರೆದೊಯ್ಯುತ್ತವೆ. ಹಾಗೆ ಮೊದಲ ಸಲ ದುಬೈಗೆ ಹೋದಾಗ, ವಿಮಾನದ ಮುಂಭಾಗದಲ್ಲಿ ಒಂದು ಪರದೆ ಇರುವುದನ್ನು ಸಾವ್ಕಾರ್ರು ನೋಡಿದರು. ಪರದೆಯ ಆಚೆ ಅಗಲ ಕುರ್ಚಿ, ಗಾಜಿನ ಗ್ಲಾಸು, ಬಟ್ಟೆಯ ಕರವಸ್ತ್ರ. ಈಚೆ ಇವರು. ಜೀವಮಾನದಲ್ಲಿ ಮದುವೆಯ ಊಟಕ್ಕೆ ಎರಡನೇ ಪಂಕ್ತಿಯಲ್ಲಿ ಕೂತವರಲ್ಲ, ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಬಿಟ್ಟು ಬೇರೆ ಕಡೆ ಕೂತವರಲ್ಲ. ಆ ಪರದೆ ಅವರ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅದರ ಆಚೆ ಹೋಗಲು ದುಡ್ಡು ಕೊಡಬೇಕಿಲ್ಲ, ಪಾಯಿಂಟ್ ಕೂಡಿಸಿದರೆ ಸಾಕು ಎಂದು ಯಾರೋ ಹೇಳಿದರು. ವಿಮಾನದ ಕಂಪನಿಯಲ್ಲಿ ಹೆಸರು ಬರೆಸಿದರೆ ಹಾರಿದಷ್ಟೂ ಪಾಯಿಂಟ್. ಹೆಚ್ಚು ಹಾರಿದವರಿಗೆ ಬಂಗಾರದ ಬಣ್ಣದ ಕಾರ್ಡು. ಪಾಯಿಂಟ್ ಸಾಕಷ್ಟಾದರೆ, ಮುಂದೆ ಜಾಗ ಖಾಲಿ ಇದ್ದರೆ, ಹಿಂದಿನ ಟಿಕೆಟಿನವನನ್ನು ಮುಂದಿನ ಬಿಸಿನೆಸ್ ಕ್ಲಾಸಿಗೆ ಏರಿಸುತ್ತಾರೆ. ಅದಕ್ಕೆ ಅಪ್‌ಗ್ರೇಡ್ ಎನ್ನುತ್ತಾರೆ. ಸಾವ್ಕಾರ್ರು ಈ ಮಾತನ್ನು ಬಾಯಲ್ಲಿ ಪೇಡೆ ಇಟ್ಟುಕೊಂಡಂತೆ ಆಡುತ್ತಿದ್ದರು.

ಕಾರ್ಡಿನ ಜೊತೆಗೆ ಬ್ಯಾಗಿಗೆ ತೂಗುಹಾಕುವ ಒಂದು ಬಂಗಾರದ ಬಣ್ಣದ ಚೀಟಿ ಬಂತು. ಅದನ್ನು ಮಸ್ಕಿಗೆ ಬಸ್ಸಿನಲ್ಲಿ ಬರುವಾಗಲೂ ಬ್ಯಾಗಿಗೆ ಕಟ್ಟಿಕೊಂಡೇ ಬರುತ್ತಿದ್ದರು. ಒಮ್ಮೆ ವಸೂಲಿಗೆಂದು ಹಟ್ಟಿಗೆ ಹೋದಾಗ, ಅಲ್ಲಿನ ಚಹಾದಂಗಡಿಯಲ್ಲಿ ಬಂಗಾರದ ಗಣಿಯಿಂದ ಪಾಳಿ ಮುಗಿಸಿ ಬಂದವರ ಮುಂದೆ ಕಾರ್ಡು ತೆಗೆದು ತೋರಿಸಿದರಂತೆ. "ಗೋಲ್ಡ್ ಐತಿ ನೋಡ್ರಿ," ಎಂದರಂತೆ. ಒಬ್ಬ ಮುದುಕ ಕಾರ್ಮಿಕ ಅದನ್ನು ತಿರುವಿ ಮುರುವಿ ನೋಡಿ, ಉಗುರಿನಿಂದ ಕೆರೆದು, "ಸಾವ್ಕಾರ್ರ, ಮೂವತ್ತು ವರ್ಷ ಆತು ನೆಲದಾಗ ಇಳೀಲಿಕ್ಕತ್ತಿ. ಇಂಥಾ ಬಂಗಾರ ಒಂದ್ ದಿನಾನೂ ಕಂಡಿಲ್ರಿ," ಎಂದು ವಾಪಸು ಕೊಟ್ಟನಂತೆ. ಇದನ್ನು ಸಾವ್ಕಾರ್ರೇ ಬಂದು ಹೇಳಿದರು, ಆ ಮುದುಕ ಬೆರಗಾದನೆಂದು ತಿಳಿದು.

ಕಾರ್ಡು ಸಿಕ್ಕರೆ ಸಾಲದು, ವರ್ಷ ವರ್ಷ ಉಳಿಸಿಕೊಳ್ಳಬೇಕು. ಇಂತಿಷ್ಟು ಸಲ ಹಾರದಿದ್ದರೆ ಕಂಪನಿಯವರು ಕಿತ್ತುಕೊಳ್ಳುತ್ತಾರೆ. ಹೀಗಾಗಿ ಅವರು ಕೆಲಸವಿಲ್ಲದೆ ಹಾರತೊಡಗಿದರು. ಹೈದರಾಬಾದಿಗೆ ಬಸ್ಸು, ಅಲ್ಲಿಂದ ದಿಲ್ಲಿಗೆ ವಿಮಾನ, ದಿಲ್ಲಿಯಲ್ಲಿ ಹೊರಗೂ ಬರದೆ ಮುಂದಿನ ವಿಮಾನಕ್ಕೆ ಹೈದರಾಬಾದು.

"ದಿಲ್ಲಿ ಹೆಂಗಿತ್ತು ತಮ್ಮಾ?" ಎಂದು ಅಜ್ಜ ಕೇಳಿದರೆ, "ಬಾತ್‌ರೂಮ್ ಭಾಳ ಸ್ವಚ್ಛ ಅದಾವ್ರಿ ಅಣ್ಣಾರ," ಎನ್ನುತ್ತಿದ್ದರು.

ಒಂದು ವರ್ಷ ನೆಲ್ಲು ಹೊಡೆ ಬಿಚ್ಚುವ ಹೊತ್ತಿಗೆ ಜಿಗಿಹುಳು ಬಿತ್ತು. ಗೊರೇಬಾಳದ ರೈತನೊಬ್ಬ ಬೈಕು ಹತ್ತಿ ಸಿಂಧನೂರಿನ ಅಂಗಡಿಗೆ ಓಡಿದ. ಎಣ್ಣೆ ಗೋದಾಮಿನಲ್ಲಿತ್ತು. ಗೋದಾಮಿನ ಬೀಗದ ಕೈ ಸಾವ್ಕಾರ್ರ ಉಡಿದಾರದಲ್ಲಿತ್ತು. ಸಾವ್ಕಾರ್ರು ಆಕಾಶದಲ್ಲಿದ್ದರು.

"ಎಲ್ಲಿಗೆ ಹೋಗ್ಯಾರ?" ಎಂದು ರೈತ ಗುಮಾಸ್ತನನ್ನು ಕೇಳಿದ.

"ದಿಲ್ಲಿಗೆ."

"ಯಾಕ?"

"ವಾಪಸ್ ಬರಾಕ."

ರೈತ ಗುಮಾಸ್ತನ ಮುಖ ನೋಡಿದ, ಚೇಷ್ಟೆ ಮಾಡುತ್ತಿದ್ದಾನೇನೋ ಎಂದು. ಗುಮಾಸ್ತ ಪಾಪ ನಿಜವನ್ನೇ ಹೇಳಿದ್ದ. ಅವರು ತಿರುಗಿ ಬರುವಷ್ಟರಲ್ಲಿ ಹುಳು ಹೀರಿದ ನೆಲ್ಲು ಅಲ್ಲಲ್ಲಿ ದುಂಡಗೆ ಸುಟ್ಟಂತೆ ಒಣಗಿಹೋಗಿತ್ತು. ಆ ರೈತ ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಸಾವ್ಕಾರ್ರಿಗೆ ಅದು ತಿಳಿಯಲೂ ಇಲ್ಲ. ಕಾರ್ಡು ಉಳಿದಿತ್ತಲ್ಲ.

ಒಬ್ಬರೇ ಎಷ್ಟು ಹಾರಿದರೂ ಪಾಯಿಂಟ್ ಸಾಲುತ್ತಿರಲಿಲ್ಲ. ಕಂಪನಿಯಲ್ಲಿ ಇನ್ನೊಂದು ಅನುಕೂಲವಿತ್ತು. ಮನೆಮಂದಿಯನ್ನೆಲ್ಲ ಒಂದು ಕುಟುಂಬವಾಗಿ ಬರೆಸಿದರೆ, ಅವರವರ ಹೆಸರಿನಲ್ಲಿ ಬಿದ್ದ ಪಾಯಿಂಟನ್ನು ಮನೆಯ ಹಿರಿಯ ಎಳೆದುಕೊಳ್ಳಬಹುದು. ಸಾವ್ಕಾರ್ರ ಹೆಂಡತಿ ಮಕ್ಕಳು ಹಾರಿದ್ದು ಕಡಿಮೆ. ಅವರನ್ನು ಕರೆದೊಯ್ದರೆ ಟಿಕೆಟ್ ದಂಡವಲ್ಲವೇ. ಟೂರಿಗೆ ಬರುವ ಅಂಗಡಿಯವರ ಟಿಕೆಟ್ ತೆಗೆಸುವ ಕೆಲಸ ಹೇಗೂ ಅವರದೇ. ಎಲ್ಲರನ್ನೂ ಕುಟುಂಬ ಮಾಡಿಬಿಟ್ಟರು. ನಿಮ್ಮಜ್ಜ ಅಣ್ಣನಾದರು. ಲಿಂಗಸುಗೂರಿನ ಸಾಹೇಬರು ಇನ್ನೊಬ್ಬ ಅಣ್ಣನಾದರು.

ಸಾಹೇಬರು ನಮ್ಮ ಮನೆಗೆ ಬಂದು ಹೊಟ್ಟೆ ಹಿಡಿದು ನಕ್ಕರು. "ಭಾಬಿ, ಈ ವಯಸ್ಸಿನ್ಯಾಗ ನನಗೊಬ್ಬ ಲಿಂಗಾಯತ ತಮ್ಮ ಹುಟ್ಯಾನ ನೋಡ್ರಿ. ಆಸ್ತಿ ಪಾಲು ಕೇಳ್ಲೇನು?"

"ಮೊದ್ಲ ಅವ್ರ ಮನ್ಯಾಗ ಒಂದ್ ಕಪ್ ಚಾ ಕೇಳ್ರಿ ಸಾಹೇಬ್ರ," ಎಂದರು ಅಜ್ಜ. ಇಬ್ಬರೂ ಇನ್ನಷ್ಟು ನಕ್ಕರು. ಸಾಹೇಬರ ಮನೆಯಲ್ಲಿ ಸಾವ್ಕಾರ್ರು ನೀರು ಸಹ ಕುಡಿಯುತ್ತಿರಲಿಲ್ಲ. 'ಉಪವಾಸ' ಎನ್ನುತ್ತಿದ್ದರು. ಅಣ್ಣನ ಪಾಯಿಂಟಿಗೆ ಉಪವಾಸವಿರಲಿಲ್ಲ.

ಪಾಯಿಂಟ್ ಎಳೆಯಬೇಕಾದರೆ ಯಾರ ಹೆಸರಿನಲ್ಲಿದೆಯೋ ಅವರ ಫೋನಿಗೆ ಆರು ಅಂಕಿಗಳ ಓಟಿಪಿ ಬರಬೇಕು. ವರ್ಷಕ್ಕೆ ಎರಡು ಮೂರು ಸಲ ಸಿಂಧನೂರಿನಿಂದ ಫೋನು ಬರುತ್ತಿತ್ತು. "ಅಣ್ಣಾರ, ನಂಬರ್ ಬಂದೈತಿ, ಜರಾ ಹೇಳ್ರಿ." ಅಜ್ಜ ಕನ್ನಡಕ ಏರಿಸಿ, ತಮ್ಮ ಗುಂಡಿಯ ಫೋನನ್ನು ಬಿಸಿಲಿಗೆ ಹಿಡಿದು, ಒಂದೊಂದೇ ಅಂಕಿಯನ್ನು ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿ ಹೇಳುತ್ತಿದ್ದರು. ಯಾಕೆ ಕೊಡುತ್ತೀರಿ ಎಂದು ನಾನು ಒಮ್ಮೆ ಕೇಳಿದೆ. "ನನಗೇನ್ ಉಪಯೋಗ ಐತಿ ಅದರ್ದು? ಆಡ್ಲಿ ಬಿಡು," ಎಂದರು.

ಉಪಯೋಗ ಇತ್ತು. ಅಜ್ಜನ ಬಲಗಾಲು ನಿಮಗೆ ನೆನಪಿರಬೇಕು, ದೊಡ್ಡವರಿಬ್ಬರಿಗಾದರೂ. ಟ್ರ್ಯಾಕ್ಟರಿನ ಟ್ರಾಲಿಯಿಂದ ಬಿದ್ದು, ಮೊಣಕಾಲಿಗೆ ಆಪರೇಶನ್ ಆಗಿ, ಆಮೇಲೆ ಅದು ಮಡಚಲೇ ಇಲ್ಲ. ಪಡಸಾಲೆಯಲ್ಲಿ ಮಂಚದ ಮೇಲೆ ಕೂತರೆ ಕಾಲು ಕೋಲಿನಂತೆ ಮುಂದೆ ಚಾಚಿರುತ್ತಿತ್ತು. ನೀವು ಅದನ್ನು ಜಿಗಿದು ಜಿಗಿದು ಆಡುತ್ತಿದ್ದಿರಿ.

ಆ ಕಾಲು ಇಟ್ಟುಕೊಂಡೇ ಅಜ್ಜ ಬ್ಯಾಂಕಾಕಿನ ಟೂರಿಗೆ ಹೋದರು. ಅಲ್ಲಿ ನಡೆದದ್ದನ್ನು ಸಾಹೇಬರು ನನಗೆ ಹೇಳಿದರು. ಹೈದರಾಬಾದಿನಲ್ಲಿ ವಿಮಾನ ಹತ್ತುವ ಮುಂಚೆ ಸಾವ್ಕಾರ್ರು ಹಿಗ್ಗಿನಿಂದ ಕುಣಿದುಬಿಟ್ಟರಂತೆ, ಅಪ್‌ಗ್ರೇಡ್ ಆಗಿದೆ ಎಂದು. ಒಂದೇ ಸೀಟು. ಅಜ್ಜನ ಪಾಯಿಂಟ್, ಸಾಹೇಬರ ಪಾಯಿಂಟ್ ಎಲ್ಲ ಸೇರಿಸಿ ಎಳೆದದ್ದು ಎಂದರಂತೆ. ಸಾವ್ಕಾರ್ರು ಪರದೆಯ ಆಚೆ ಹೋದರು. ಅಜ್ಜನಿಗೆ ಹಿಂದೆ, ಮೂವರ ಸಾಲಿನಲ್ಲಿ ಅಂಚಿನ ಸೀಟು. ಮುಂದಿನ ಕುರ್ಚಿಗೆ ಪಾದ ತಗಲುತ್ತದೆ, ಕಾಲು ಹೊರಗೆ ಚಾಚಿದರೆ ಊಟದ ಗಾಡಿ ಬಡಿಯುತ್ತದೆ. ಎರಡು ಸಲ ಬಡಿಯಿತು. ಆಮೇಲೆ ಪಕ್ಕದಲ್ಲಿದ್ದ ಸಾಹೇಬರು, "ಇಕಡೆ ಕೊಡ್ರಿ ಭಾಯ್," ಎಂದು ಅಜ್ಜನನ್ನು ಓರೆಯಾಗಿ ತಿರುಗಿಸಿ, ಆ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಬ್ಯಾಂಕಾಕು ಬರುವವರೆಗೂ ಇಳಿಸಲಿಲ್ಲ. ಊಟವನ್ನೂ ಆ ಕಾಲಿನ ಮೇಲೆಯೇ ತಟ್ಟೆ ಇಟ್ಟು ಮಾಡಿದರಂತೆ. "ಟೇಬಲ್ ಛಲೋ ಇತ್ರಿ ಭಾಬಿ, ಅಳ್ಳಾಡ್ಲಿಲ್ಲ," ಎಂದರು.

ನಡುವೆ ಒಮ್ಮೆ ಪರದೆ ಸರಿಯಿತು. ಸಾವ್ಕಾರ್ರು ಕಾಲಿಗೆ ಮೆತ್ತನೆಯ ಸಾಕ್ಸು ಹಾಕಿಕೊಂಡು ಬಂದರು. ಬಟ್ಟೆಯ ಕರವಸ್ತ್ರದಲ್ಲಿ ನಾಲ್ಕು ಗೋಡಂಬಿ. "ತಗೋರಿ ಅಣ್ಣಾರ. ಬಿಸಿ ಮಾಡಿ ಕೊಡ್ತಾರ ಮುಂದ," ಎಂದರು. ಕಾಲು ಯಾರ ತೊಡೆಯ ಮೇಲಿದೆ ಎಂಬುದನ್ನೂ ನೋಡಿದರು. ನೋಡಿ, "ಆರಾಮ್ ಇದ್ದೀರಲ್ಲ?" ಎಂದು ಕೇಳಿ ಹೋದರು.

ಅಜ್ಜ ಸಿಟ್ಟಾಗುವ ಮನುಷ್ಯರಲ್ಲ. ಊರಿಗೆ ಬಂದ ಮೇಲೆ ಮಾತ್ರ ಒಂದು ದಿನ, ಸಾವ್ಕಾರ್ರು ನಮ್ಮ ಪಡಸಾಲೆಯಲ್ಲಿ ಕೂತಿದ್ದಾಗ, ನಾಚಿಕೊಳ್ಳುತ್ತಲೇ ಕೇಳಿದರು. "ತಮ್ಮಾ, ಇನ್ನೊಮ್ಮೆ ಹೋದ್ರ ನನ್ನ ಆ ಕುರ್ಚ್ಯಾಗ ಕುಂದರ್ಸು. ಮತ್ತೇನಿಲ್ಲ, ಈ ಕಾಲಿನ ಸಲುವಾಗಿ."

"ಇದೇನ್ ಕೇಳೂ ಮಾತೇನ್ರಿ? ಮುಂದಿನ ಸೀಟು ನಿಮ್ದ," ಎಂದರು ಸಾವ್ಕಾರ್ರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಯಾರಲ್ಲೂ ಏನೂ ಕೇಳದ ಮನುಷ್ಯ ಕೇಳಿದ್ದರು, ಅದಕ್ಕೇ ನನಗೆ ನೆನಪಿದೆ.

ಮುಂದಿನ ಟೂರು ಬಂತು. ಈ ವರ್ಷ ಪಾಯಿಂಟ್ ಖರ್ಚು ಮಾಡಿದರೆ ಕಾರ್ಡು ಹೋಗುತ್ತದೆ ಎಂದರು ಸಾವ್ಕಾರ್ರು. ಅದರ ಮುಂದಿನದು ಬಂತು. ಜಾಗ ಒಂದೇ ಖಾಲಿ ಇತ್ತು, ನಾನೇ ಹೋಗಬೇಕಾಯಿತು ಎಂದರು. ಅಜ್ಜ ಮೂರನೆಯ ಸಲ ಟೂರಿಗೇ ಹೋಗಲಿಲ್ಲ. ಆ ಸಲವೂ ಓಟಿಪಿ ಬಂತು. ಅಜ್ಜ ಹೇಳಿದರು, ಆದರೆ ಕೂಗಿ ಹೇಳಲಿಲ್ಲ.

ಅದಾದ ಎರಡನೆಯ ವರ್ಷ ಒಂದು ಬೆಳಿಗ್ಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆಯೇ ಅಜ್ಜನಿಗೆ ಎದೆ ನೋವು ಬಂತು. ಲಿಂಗಸುಗೂರಿನ ಆಸ್ಪತ್ರೆ ಮುಟ್ಟಲಿಲ್ಲ.

ನಮ್ಮ ಲಿಂಗಾಯತರಲ್ಲಿ ಮಣ್ಣು ಕೊಡುವುದು ಕೂರಿಸಿ. ಕಾಲು ಮಡಚಿ, ಪದ್ಮಾಸನ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಕುಣಿಯಲ್ಲಿ ಕೂರಿಸುತ್ತಾರೆ. ಅಜ್ಜನ ಬಲಗಾಲು ಮಡಚದು. ಹೊಲದಲ್ಲಿ ಕುಣಿಯ ಮುಂದೆ ಹಿರಿಯರೆಲ್ಲ ನಿಂತುಬಿಟ್ಟರಂತೆ. ಜರಾ ಒತ್ತಿದರೆ ಮಡಚೀತು ಎಂದು ಒಬ್ಬರೆಂದರಂತೆ. ಮಠದ ಅಯ್ಯನವರು ಕೈ ಅಡ್ಡ ಹಿಡಿದರು. "ಬ್ಯಾಡ್ರಪ. ಕುಣಿ ಉದ್ದ ತೋಡ್ರಿ. ಶಿವನ ಮುಂದ ಹೆಂಗ ಕುಂತ್ರೂ ನಡೀತೈತಿ." ಮತ್ತೆ ಗುದ್ದಲಿ ತರಿಸಿ, ಕಾಲಿನ ಉದ್ದಕ್ಕೆ ಜಾಗ ತೋಡಿದರು. ಸಾಹೇಬರು ಅಂಗಿ ತೆಗೆದಿಟ್ಟು ತಾವೇ ಕುಣಿಗೆ ಇಳಿದು ಮಣ್ಣು ಎತ್ತಿ ಹಾಕಿದರೆಂದು ನಿಮ್ಮಪ್ಪ ಹೇಳಿದ. ಅಜ್ಜನ ಕನ್ನಡಕ, ಅಡಿಕೆ ಚೀಲ ಜೊತೆಗಿಟ್ಟರು.

ಸಾವ್ಕಾರ್ರು ಮಣ್ಣಿಗೆ ಬರಲಿಲ್ಲ. ಹಾರುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಬಂದರು, ಬ್ಯಾಗಿನ ಮೇಲೆ ಆ ಬಂಗಾರದ ಚೀಟಿ. ಪಡಸಾಲೆಯಲ್ಲಿ ಕೂತು ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನು ಒಳಬಾಗಿಲ ಹತ್ತಿರ ಹೆಂಗಸರ ನಡುವೆ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದೆ. ಚಹಾ ಬಂತು, ಕುಡಿದರು. ಆಮೇಲೆ ನಿಮ್ಮಪ್ಪನ ಕಡೆ ಬಾಗಿದರು.

"ಅಣ್ಣಾರ ಫೋನ್ ಎಲ್ಲೈತಪ?"

"ಯಾಕ್ರೀ ಕಾಕಾ?"

"ಏನಿಲ್ಲ, ಒಂದ್ ಓಟಿಪಿ ಬರೂದೈತಿ. ಅಣ್ಣಾರ ಹೆಸರ್ಲೆ ಪಾಯಿಂಟ್ ಭಾಳ ಉಳದಾವ. ತೀರಿಕೊಂಡಿದ್ದು ಕಂಪನಿಗೆ ಗೊತ್ತಾತಂದ್ರ ಎಲ್ಲಾ ರದ್ದ್ ಮಾಡ್ತಾರ. ಸುಮ್ನ ಹಾಳಾಗಿ ಹೋಗ್ತಾವ." ಕಪ್ಪು ಬದಿಗೆ ಸರಿಸಿ, "ಫ್ಲೆಕ್ಸ್ ಹಾಕ್ಸೀರೇನು?" ಎಂದರು.

"ನಾಳೆ ಹಾಕ್ತೀವ್ರಿ."

"ಎರಡ್ ದಿನ ತಡೀರಿ."

ವಿಮಾನದ ಕಂಪನಿಯವರು ಮಸ್ಕಿಯ ಬಸ್‌ಸ್ಟ್ಯಾಂಡಿಗೆ ಬಂದು ಫ್ಲೆಕ್ಸ್ ಓದುತ್ತಾರೆಂದು ಅವರು ನಂಬಿದ್ದರು. ಲೋಕವೆಲ್ಲ ಹಾರಿದ ಮನುಷ್ಯನ ತಿಳಿವಳಿಕೆ ಅಷ್ಟು. ನಿಮ್ಮಪ್ಪ ಅತ್ತು ಅತ್ತು ಮಂಕಾಗಿದ್ದ. ಸುತ್ತಲೂ ನೋಡಿ, "ಅವ್ವಾ, ಕನ್ನಡಕದ ಸಂಗಾಟ ಫೋನೂ ಮಣ್ಣಾಗ ಇಟ್ರೇನು?" ಎಂದು ಕೇಳಿದ.

ಫೋನು ನನ್ನ ಸೊಂಟದಲ್ಲಿತ್ತು. ದೂರದ ಊರಿನವರು ಅದಕ್ಕೇ ಫೋನು ಮಾಡುತ್ತಾರೆಂದು, ಸದ್ದು ನಿಲ್ಲಿಸಿ, ನಾನೇ ಸೀರೆಯ ನೆರಿಗೆಯ ಪಕ್ಕ ಸಿಕ್ಕಿಸಿಕೊಂಡಿದ್ದೆ. ಹೂಂ ಎಂಬಂತೆ ತಲೆ ಆಡಿಸಿದೆ. ನಾನು ಆಡಿದ ಸುಳ್ಳು ಅದೊಂದೇ, ಅದನ್ನೂ ಬಾಯಿ ಬಿಟ್ಟು ಆಡಲಿಲ್ಲ.

ಸಾವ್ಕಾರ್ರು ನಂಬಿದರೋ ಇಲ್ಲವೋ, ತಮ್ಮ ಫೋನು ತೆಗೆದು ಏನೋ ಒತ್ತಿದರು. ನನ್ನ ಸೊಂಟದಲ್ಲಿ ಜುಮ್ಮೆಂದಿತು. ಮತ್ತೆ ಒತ್ತಿದರು. ಮತ್ತೆ ಜುಮ್ಮೆಂದಿತು. ನಾನು ಸೆರಗನ್ನು ಇನ್ನೂ ಕೆಳಗೆ ಎಳೆದುಕೊಂಡು ನೆಲ ನೋಡಿದೆ. ಪಕ್ಕದಲ್ಲಿದ್ದ ನಾದಿನಿ ನಾನು ನಡುಗುತ್ತಿದ್ದೇನೆಂದು ಬೆನ್ನು ಸವರಿದಳು. ಅವರು ಎದ್ದು, ಹೊಲ ಯಾವ ಕಡೆ ಎಂದು ಕೇಳಿ, ಹೊರಟರು.

ಒಂದು ತಾಸಿನೊಳಗೆ ನನ್ನ ತಂಗಿಯ ಮಗಳು ಹೊಲದಿಂದ ಬಂದಳು, ಕುಣಿಯ ಹತ್ತಿರ ದೀಪ ಇಟ್ಟು. "ದೊಡ್ಡವ್ವಾ, ಸಿಂಧನೂರು ಸಾವ್ಕಾರ್ರು ಅಲ್ಲಿಗೆ ಬಂದಾರ. ಚಪ್ಲಿ ಬಿಟ್ಟು, ಮೊಣಕಾಲೂರಿ, ಮಣ್ಣಿಗೆ ಕಿವಿ ಹಚ್ಚಿ ಕುಂತಾರ. ಎಷ್ಟ್ ಜೀವ ಇಟ್ಟಿದ್ರು ಪಾಪ!" ಎಂದಳು. ಅವಳ ಮಾತು ಮುಗಿಯುವ ಮೊದಲೇ ನನ್ನ ಸೊಂಟದಲ್ಲಿ ಫೋನು ಬಿಡದೆ ನಡುಗತೊಡಗಿತು. ಈ ಸಲ ಓಟಿಪಿಯಲ್ಲ, ಕರೆ. ಮಣ್ಣಿನೊಳಗೆ ಎಷ್ಟು ಆಳದಲ್ಲಿ ಫೋನು ಸದ್ದು ಮಾಡುತ್ತದೆ ಎಂದು ಸಾವ್ಕಾರ್ರು ಕಿವಿಗೊಟ್ಟಿದ್ದರು.

ನಾನು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಅವರ ಹೆಸರು ಕಾಣುತ್ತಿತ್ತು. ಹಸಿರು ಗುಂಡಿ ಒತ್ತಿ ಕಿವಿಗೆ ಹಿಡಿದೆ.

ಆ ಕಡೆ ಗಾಳಿಯ ಸದ್ದು. ಯಾರದೋ ಹೊಲದ ಮೋಟರಿನ ಸದ್ದು. ಆಮೇಲೆ ಸಣ್ಣ ದನಿ ಬಂತು. "ಯಾ... ಯಾರು?"

ನಾನು ಉಸಿರು ಬಿಟ್ಟಿದ್ದು ಅವರಿಗೆ ಕೇಳಿಸಿರಬೇಕು.

"ಅಣ್ಣಾರ?" ಎಂದರು. "ಅಣ್ಣಾರ, ತಪ್ಪಾತ್ರಿ. ಬ್ಯಾಂಕಾಕಿಗೆ ಹೋಗುವಾಗ ಅಪ್‌ಗ್ರೇಡ್ ಆಗಿದ್ದು ನಂದಲ್ರಿ. ಕಂಪನಿಯವ್ರ ನಿಮ್ಮ ಹೆಸರ್ಲೆ ಕೊಟ್ಟಿದ್ರು. ನಿಮ್ದ ಆ ಸೀಟು. ವಿಮಾನದ ಬಾಗಲದಾಗ ನಿಮ್ಮ ಸೀಟಿನ ಚೀಟಿ ಇಸಗೊಂಡು ನಂದು ನಿಮ್ಮ ಕೈಯಾಗ ಕೊಟ್ಟೆ. ನಿಮಗ ಇಂಗ್ಲಿಷ್ ಓದಾಕ ಬರ್ತಿರ್ಲಿಲ್ಲ. ಕಾಲು ನೋಡಿದ್ದೆ ಅಣ್ಣಾರ, ನೋಡೇ ಕುಂತೆ. ಬಿಟ್ಟುಬಿಡ್ರಿ ನನ್ನ."

ಇಷ್ಟು ವರ್ಷ ಆ ಮನುಷ್ಯ ನಮ್ಮ ಮನೆಗೆ ಬಂದರೆ ಬಾಗಿಲ ಹಿಂದಿನಿಂದ ಚಹಾ ಕಳಿಸಿದ್ದೇ ಹೊರತು ಅವರೊಂದಿಗೆ ನಾನು ಒಂದು ಮಾತೂ ಆಡಿರಲಿಲ್ಲ. ಅವತ್ತು ಆಡಿದೆ.

"ಅವರಲ್ರೀ, ನಾನು," ಎಂದೆ. "ಎಲ್ಲಾ ಕೇಳ್ಸಿತು. ಇನ್ನ ಮ್ಯಾಗ ಆ ನಂಬರ್ ಕೇಳಬ್ಯಾಡ್ರಿ."

ಸಾವ್ಕಾರ್ರು ಸಾಯುವವರೆಗೂ ಕೇಳಲಿಲ್ಲ.